ಓದುಗರ ಪ್ರಶ್ನೆ: ರೆಸಿನ್ ಎರಕಕ್ಕೆ ಲೋಹದ ಹೊಳಪು ಬರುವುದು ಹೇಗೆ?

ಪ್ರಶ್ನೆ: ಸಿಲಿಕೋನ್ ಅಚ್ಚಿನಲ್ಲಿ ಅಂಗೈಯಗಲದ ಗಣಪತಿ ಫಲಕ ಎರಕ ಹೊಯ್ದೆ. ಹಾರ್ಡನರ್ ದ್ರವ ಬೆರೆಸಿದರೆ ಗಟ್ಟಿಯಾಗುವ ಎಪಾಕ್ಸಿ ರೆಸಿನ್‌ಗೆ ಕಂಚಿನ ಪುಡಿ ಧಾರಾಳವಾಗಿಯೇ ಕಲಸಿದ್ದೆ. ಬಿಡಿಸಿ ನೋಡಿದರೆ ಮಾಸಲು ಕಂದು ಪ್ಲಾಸ್ಟಿಕ್ಕಿನಂತಿದೆ. ಪುಡಿ ಇನ್ನೂ ಹೆಚ್ಚು ಹಾಕಬೇಕೆ? (ಹಾಸನದ ಓದುಗರು)

ಉತ್ತರ: ಬೇಡ. ನಿಮ್ಮ ಫಲಕ ಕೆಟ್ಟಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ. ಅಚ್ಚಿನಿಂದ ಬಂದ ಎರಕದಲ್ಲಿ ಪ್ರತಿ ಲೋಹದ ಕಣದ ಮೇಲೂ ರೆಸಿನ್ನಿನ ತೆಳು ಪೊರೆ ಇರುತ್ತದೆ. ಈಗ ಕಾಣುತ್ತಿರುವುದು ಆ ಪೊರೆಯೇ. ಎರಡು ಮೂರು ದಿನ ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ 0000 ನಂಬರಿನ (ಅತಿ ನಯವಾದ) ಸ್ಟೀಲ್ ವುಲ್‌ನಿಂದ ಉಜ್ಜಿ. ಹೊಟ್ಟೆ, ಸೊಂಡಿಲಿನ ಬಾಗು, ಕಿರೀಟದ ಅಂಚು, ಹೀಗೆ ಉಬ್ಬಿದ ಕಡೆಯಲ್ಲೆಲ್ಲ ಕಂದು ಹೋಗಿ ಹಳದಿಗೆಂಪು ಏಳುವುದು ಕೈಕೆಳಗೇ ಕಾಣುತ್ತದೆ. ಆಮೇಲೆ ಕಪ್ಪು ಬೂಟ್ ಪಾಲಿಶ್ ಅನ್ನು ಸಂದುಗಳಿಗೆ ಬ್ರಷ್ಷಿನಿಂದ ತುಂಬಿ, ಹತ್ತು ನಿಮಿಷ ಬಿಟ್ಟು ಮೇಲ್ಮೇಲೆ ಒರೆಸಿ. ಸಂದು ಕಪ್ಪಾಗಿ ಉಳಿದರೇನೇ ಉಬ್ಬು ಎದ್ದು ಕಾಣುವುದು.

ಎಷ್ಟು ಉಜ್ಜಿದರೂ ಬಣ್ಣ ತಿರುಗದಿದ್ದರೆ ಪುಡಿಯನ್ನೇ ಅನುಮಾನಿಸಿ. ಕಂಚಿನ ಬಣ್ಣದ ಮೈಕಾ (ಅಭ್ರಕ) ಪುಡಿಯನ್ನೂ ಅಂಗಡಿಯಲ್ಲಿ ಕಂಚೆಂದೇ ಕೊಡುವುದುಂಟು. ಒಂದು ಟೀ ಚಮಚ ತೂಗಿ ನೋಡಿ: ಮೈಕಾ ಒಂದೆರಡು ಗ್ರಾಂ ತೂಗಿದರೆ, ಈ ಕೆಲಸಕ್ಕೆ ಬೇಕಾದ 325 ಮೆಶ್ (ಅತಿ ಸಣ್ಣ ಜರಡಿಯಲ್ಲಿ ಸೋಸಿದ) ಕಣರೂಪದ ಕಂಚು ಹತ್ತು ಗ್ರಾಂ ದಾಟುತ್ತದೆ.

ಮುಂದಿನ ಸಲ ಪುಡಿಯನ್ನು ಮುಖದ ಪದರಕ್ಕೆ ಮಾತ್ರ ಹಾಕಿ. ಅಚ್ಚು ಪೂರ್ತಿ ಒಣಗಿರಲಿ. ಮೆತ್ತನೆಯ ಬ್ರಷ್ಷಿನಿಂದ ಒಳಗೆಲ್ಲ ಪುಡಿ ಸವರಿ, ಮಗುಚಿ ತಟ್ಟಿ. ಹೆಚ್ಚಿನದು ಸಂದಿನಲ್ಲಿ ಉಳಿದರೆ ಅಲ್ಲಿಗೆ ರೆಸಿನ್ ಇಳಿಯದೆ, ಎರಕ ಮರಳಿನಂತೆ ಉದುರುತ್ತದೆ. ರೆಸಿನ್, ಹಾರ್ಡನರ್ ಎರಡನ್ನೂ ಡಬ್ಬಿಯ ಮೇಲಿನ ಅಳತೆಯಂತೆ ಮೊದಲೇ ಬೇರೆಬೇರೆ ತೂಗಿಡಿ. ಪುಡಿ ಬೆರೆಸಿದ ರೆಸಿನ್ ತೂಗಿ ಅದಕ್ಕೆ ಹಾರ್ಡನರ್ ಲೆಕ್ಕ ಹಾಕಿದರೆ ಹಾರ್ಡನರ್ ಹೆಚ್ಚಾಗುತ್ತದೆ. ಎರಕ ವಾರವಾದರೂ ಅಂಟಂಟಾಗಿಯೇ ಇರುತ್ತದೆ. ನಿಮ್ಮ ಅಳತೆಯ ಫಲಕದ ಮುಖದ ಪದರಕ್ಕೆ ಕಲಸಿದ ರೆಸಿನ್ 20 ಮಿ.ಲೀ., ಪುಡಿ 10 ಮಿ.ಲೀ. ಸಾಕು. ಕಂಚು ರೆಸಿನ್‌ಗಿಂತ ಸುಮಾರು ಎಂಟು ಪಟ್ಟು ಭಾರ, ತಳಕ್ಕೆ ಇಳಿಯುತ್ತದೆ. ಅಚ್ಚಿನ ತಳವೇ ಫಲಕದ ಮುಖವಾದ್ದರಿಂದ ಅದು ನಿಮಗೆ ಅನುಕೂಲ. ಈ ಪದರ ಬೆರಳಿಟ್ಟರೆ ಅಂಟಬೇಕು, ಆದರೆ ರೆಸಿನ್ ಬೆರಳಿಗೆ ಹತ್ತಬಾರದು. ಆ ಹದದಲ್ಲಿ ಹಿಂಬದಿಗೆ ಕಪ್ಪು ಬಣ್ಣ ಬೆರೆಸಿದ ರೆಸಿನ್ ಹೊಯ್ಯಿರಿ. ತಡವಾದರೆ ಪದರಗಳು ಬಿಟ್ಟುಕೊಳ್ಳುತ್ತವೆ.

ಪ್ರಶ್ನೆ: ಪಾಲಿಯುರೆಥೇನ್ ರೆಸಿನ್‌ಗೆ ತಾಮ್ರದ ಪುಡಿ ಹಾಕಿದರೆ ಮಳೆಗಾಲದಲ್ಲಿ ಮಾತ್ರ ಎರಕದ ತುಂಬ ಗುಳ್ಳೆ. ಬೇಸಿಗೆಯಲ್ಲಿ ಈ ಕಾಟವಿರಲಿಲ್ಲ. (ತೀರ್ಥಹಳ್ಳಿಯ ಓದುಗರು)

ಉತ್ತರ: ಕಾರಣ ತೇವ. ಈ ರೆಸಿನ್ ಎರಡು ಭಾಗಗಳಲ್ಲಿ ಬರುತ್ತದೆ. ಅದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುವ ಭಾಗ ನೀರಿನಂಶ ಸಿಕ್ಕೊಡನೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಿಮ್ಮ ಪುಡಿ ಮಲೆನಾಡಿನ ಗಾಳಿಯಲ್ಲಿ ತೇವ ಹಿಡಿದಿದೆ. ಅಡುಗೆಗೆ ಬಳಸದ ಓವನ್‌ನಲ್ಲಿ 100 ಡಿಗ್ರಿಗೆ ಒಂದು ಗಂಟೆ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಆರಿಸಿ. ಪುಡಿಯನ್ನು ಐಸೊಸಯನೇಟ್ ಇಲ್ಲದ ಭಾಗಕ್ಕೇ ಮೊದಲು ಕಲಸಿ. ಎರಡೂ ಸೇರಿದ ಮೇಲೆ ಕೆಲವೇ ನಿಮಿಷ ಸಿಗುವುದರಿಂದ ಗಂಟು ಒಡೆಯಲು ಆಗ ಪುರುಸೊತ್ತಿರುವುದಿಲ್ಲ. ಕಿಟಕಿ ತೆರೆದಿರಲಿ, ಆವಿಗೆ ತಕ್ಕ ಕಾರ್ಟ್ರಿಜ್ ಮಾಸ್ಕ್ ಹಾಕಿ.

ಪ್ರಶ್ನೆ: ಬೆಳ್ಳಿಯಂತೆ ಕಾಣಲು ಅಲ್ಯೂಮಿನಿಯಂ ಪುಡಿ ನಡೆಯುತ್ತದೆಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ನಡೆಯುತ್ತದೆ, ವಿಧಾನವೂ ಕಂಚಿನದೇ. ಮುಖದ ರೆಸಿನ್‌ಗೂ ಒಂದು ತೊಟ್ಟು ಕಪ್ಪು ಬೆರೆಸಿದರೆ ಬಿಳಿಚು ಹೋಗಿ ಬೆಳ್ಳಿಯ ಆಳ ಬರುತ್ತದೆ. ಆದರೆ ಈ ಪುಡಿ ಗಾಳಿಗೆದ್ದರೆ ಒಂದು ಕಿಡಿಗೂ ಸ್ಫೋಟಿಸಬಲ್ಲದು. ಓವನ್‌ಗೆ ಇಡಬೇಡಿ, ಫ್ಯಾನ್ ಆರಿಸಿ, ಹತ್ತಿರ ಒಲೆ, ದೀಪ, ಊದುಬತ್ತಿ ಯಾವುದೂ ಬೇಡ. ಪುಡಿಗೆ ಬೆಂಕಿ ಹೊತ್ತಿದರೆ ನೀರು ಹಾಕಲೇಬಾರದು. ಒಣ ಮರಳಿನ ಬಕೆಟ್ ಪಕ್ಕದಲ್ಲಿಟ್ಟುಕೊಂಡೇ ಡಬ್ಬಿ ತೆರೆಯಿರಿ.