ವಾಲ್ವ್ ರಿಪೇರಿಯೋ, ಬದಲಾವಣೆಯೋ?

ಪ್ರಶ್ನೆ: ತಂಗಿಗೆ 26 ವರ್ಷ, ಮದುವೆ ಗೊತ್ತಾಗಿದೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ (ರುಮ್ಯಾಟಿಕ್ ಫೀವರ್) ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ (ಕವಾಟ) ಜೋರಾಗಿ ಸೋರುತ್ತಿದೆ. ಮೈಸೂರಿನ ಸರ್ಜನ್ನರು ‘ಆದರೆ ರಿಪೇರಿ, ಆಗದಿದ್ದರೆ ಬದಲಾವಣೆ, ಎರಡಕ್ಕೂ ಸಹಿ ಹಾಕಿ’ ಎಂದರು. ಮೊದಲೇ ಹೇಳಲಾಗದೆ?
– ಓದುಗರು, ಮದ್ದೂರು

ಉತ್ತರ: ಅರ್ಧ ಹೇಳಬಹುದು. ಅನ್ನನಾಳದೊಳಗಿಂದ ಮಾಡುವ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಸೋರಿಕೆ ಎಲ್ಲಿ, ಎಷ್ಟು ಎಂಬುದು ಕಾಣುತ್ತದೆ. ವಾಲ್ವಿನ ಎಸಳು (ಬಾಗಿಲಿನಂತೆ ತೆರೆದು ಮುಚ್ಚುವ ಪದರ) ಎಷ್ಟು ಮೆತ್ತಗಿದೆ ಎಂಬುದು ಮಾತ್ರ ಆಪರೇಷನ್ ವೇಳೆ ಕೊಕ್ಕೆಯಲ್ಲಿ ಎತ್ತಿ ನೋಡಿದಾಗಲೇ ಖಾತ್ರಿ. ಕೀಲುಜ್ವರದ ಎಸಳು ದಪ್ಪಗಾಗಿ ಮೊಟಕಾಗಿರುತ್ತದೆ, ಅದನ್ನು ಹಿಡಿದ ದಾರಗಳು ಒಂದಕ್ಕೊಂದು ಅಂಟಿರುತ್ತವೆ. ವಯಸ್ಸಾದವರಲ್ಲಿ ದಾರ ಕಿತ್ತು ಸೋರುವ ವಾಲ್ವಿನಷ್ಟು ಸುಲಭದ ರಿಪೇರಿ ಇದಲ್ಲ.

ಅಂಟಿದ ಅಂಚು, ದಾರಗಳನ್ನು ಬಿಡಿಸುತ್ತಾರೆ. ದಪ್ಪಗಾದ ಪದರವನ್ನು ಸುಲಿಯುತ್ತಾರೆ. ಎಸಳು ಸಾಲದಿದ್ದರೆ ಹೃದಯದ ಹೊರಪೊರೆಯ ತುಂಡಿನಿಂದ ತೇಪೆ. ವಾಲ್ವಿನ ಹಿಗ್ಗಿದ ಬಾಯಿಗೆ ರಿಂಗ್ ಹೊಲಿಯುತ್ತಾರೆ. ಆಮೇಲೆ ಎಡ ಹೃತ್ಕುಕ್ಷಿಗೆ (ವಾಲ್ವಿನ ಕೆಳಗಿನ ಕೋಣೆ) ಸಲೈನ್ ತುಂಬಿ ಎಸಳುಗಳು ಕೂಡುತ್ತವೆಯೇ ಎಂದು ನೋಡುವುದು. ನಮ್ಮ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿಗದ್ದುವ ಹಾಗೆಯೇ. ಆದರೆ ಆಪರೇಷನ್ನಿಗಾಗಿ ನಿಲ್ಲಿಸಿದ ಹೃದಯದಲ್ಲಿ ಸೋರದ್ದು ಬಡಿಯುವಾಗ ಸೋರಬಹುದು. ಹಾಗಾಗಿ ಹೃದಯ ಬಡಿಯತೊಡಗಿದ ಮೇಲೆ ಮತ್ತೆ ಎಕೋ. ಸೋರಿಕೆ ಗಣನೀಯವಾಗಿ ಉಳಿದಿದ್ದರೆ ಪುನಃ ಹೃದಯದ ಬದಲು ರಕ್ತ ಹರಿಸುವ ಬೈಪಾಸ್ ಯಂತ್ರಕ್ಕೆ ಹಾಕಿ ಸರಿಪಡಿಸಬೇಕು, ಇಲ್ಲವೇ ಬದಲಿಸಬೇಕು. ಎರಡು ಸಹಿ ಅದಕ್ಕೇ.

ನಿಮ್ಮ ತಂಗಿಯ ಮಟ್ಟಿಗೆ ರಿಪೇರಿಗೆ ಪ್ರಯತ್ನಿಸುವುದೇ ಸರಿ. ಲೋಹದ ವಾಲ್ವಿಗೆ ಜೀವನಪೂರ್ತಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಬೇಕು. ಗರ್ಭದ 6ರಿಂದ 12ನೇ ವಾರದಲ್ಲಿ ಅದು ಮಗುವಿಗೆ ಊನ ತರಬಲ್ಲದು. ಪ್ರಾಣಿ ಅಂಗಾಂಶದ ವಾಲ್ವ್ ಈ ವಯಸ್ಸಿನಲ್ಲಿ ಬೇಗ ಸವೆಯುತ್ತದೆ. ರಿಪೇರಿಯೂ ಶಾಶ್ವತವಲ್ಲ, ಮುಂದೆ ಇನ್ನೊಂದು ಆಪರೇಷನ್ ಬೇಕಾದೀತು. ಕೀಲುಜ್ವರದ ವಾಲ್ವುಗಳನ್ನು ರಿಪೇರಿ ಮಾಡಿ ಎಷ್ಟು ಅನುಭವವಿದೆ ಎಂದು ಸರ್ಜನ್ನರನ್ನೇ ಕೇಳಿ, ಸಂಕೋಚ ಬೇಡ. ಕೀಲುಜ್ವರ ಮರುಕಳಿಸದಂತೆ ಕೊಡುವ ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದನ್ನು ಆಪರೇಷನ್ ಆಯಿತೆಂದು ನಿಲ್ಲಿಸಬೇಡಿ.

ಪ್ರಶ್ನೆ: ಅಪ್ಪನಿಗೆ ಲೋಹದ ಮೈಟ್ರಲ್ ವಾಲ್ವ್ ಹಾಕಿದ್ದಾರೆ. ಸೊಪ್ಪಿನ ಬಸ್ಸಾರು ಬಿಡಲೇಬೇಕೇ?
– ಓದುಗರು, ಮಂಡ್ಯ

ಉತ್ತರ: ಬಿಡಬೇಕಿಲ್ಲ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು, ನಿಜ. ಆದರೆ ವಾರಕ್ಕೆರಡು ಸಲ ಉಣ್ಣುವವರು ಎರಡೇ ಸಲ ಉಣ್ಣುತ್ತಿದ್ದರೆ ಮಾತ್ರೆಯ ಅಳತೆ ಅದಕ್ಕೇ ಹೊಂದಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಒಮ್ಮೆಲೇ ದಿನಾ ನುಗ್ಗೆಸೊಪ್ಪು ತಿಂದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಕುಸಿದು ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಈ ವಾಲ್ವಿಗೆ ಐಎನ್‌ಆರ್‌ನ ಸಾಮಾನ್ಯ ಗುರಿ 2.5ರಿಂದ 3.5. ಸೊಪ್ಪಿಗಿಂತ ಭಯಪಡಬೇಕಾದದ್ದು ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ನೋವಿನ ಮಾತ್ರೆ ಡೈಕ್ಲೊಫೆನ್ಯಾಕ್‌ಗೆ: ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಮಲ ಟಾರಿನಂತೆ ಕಪ್ಪಾದರೆ ಆಸ್ಪತ್ರೆಗೆ ಅಂದೇ ಹೋಗಬೇಕು.