ಕ್ರೈಸ್ತರ ಮೇಲೆ ಕ್ರೈಸ್ತರದೇ ಕಾನೂನು

ಓದುಗರ ಪತ್ರ: ಕಳೆದ ಸಂಚಿಕೆಯ ಟ್ರಿನಿಡಾಡ್ ಲೇಖನದಲ್ಲಿ, ಮಾರ್ಚ್ 30 ಅಲ್ಲಿ ‘ಸ್ಪಿರಿಚುವಲ್ ಬ್ಯಾಪ್ಟಿಸ್ಟ್ ವಿಮೋಚನಾ ದಿನ’, ಸರ್ಕಾರಿ ರಜೆ ಎಂದಿದೆ. ಆಳಿದ ಬ್ರಿಟಿಷರೂ ಕ್ರೈಸ್ತರು, ಬ್ಯಾಪ್ಟಿಸ್ಟರೂ ಕ್ರೈಸ್ತರು. ಮತ್ತೆ ವಿಮೋಚನೆ ಯಾರಿಂದ? ಅಚ್ಚಿನ ದೋಷವಿರಬೇಕು, ಅಲ್ಲಿನ ಹಿಂದೂಗಳ ದಿನವಲ್ಲವೇ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ಅಚ್ಚಿನ ದೋಷವಲ್ಲ ಸ್ವಾಮಿ. 1917ರ ನವೆಂಬರಿನಲ್ಲಿ ಟ್ರಿನಿಡಾಡಿನ ವಸಾಹತು ಸರ್ಕಾರ ‘ಶೌಟರ್’ಗಳ ಪ್ರಾರ್ಥನಾ ಸಭೆಗಳನ್ನೇ ನಿಷೇಧಿಸಿ ಕಾಯ್ದೆ ತಂದಿತು. ಕೂಗುಮಾರಿಗಳು ಎಂದು ಹೊರಗಿನವರು ಹೀಯಾಳಿಸಿ ಇಟ್ಟ ಹೆಸರು ಅದು. ತಮ್ಮ ಪಾಡಿಗೆ ಅವರು ಬ್ಯಾಪ್ಟಿಸ್ಟರು. ಬೈಬಲ್ ಓದುವವರು, ಹೊಳೆಯಲ್ಲೋ ಕಡಲಲ್ಲೋ ಮುಳುಗಿಸಿ ದೀಕ್ಷೆ ಕೊಡುವವರು, ಬಹುಪಾಲು ಆಫ್ರಿಕನ್ ಮೂಲದ ಬಡವರು. ಪಕ್ಕದ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಇಂಥವರನ್ನೇ ‘ಶೇಕರ್’ಗಳೆಂದು ಕರೆದು 1912ರಲ್ಲೇ ನಿಷೇಧಿಸಲಾಗಿತ್ತು.

ತಲೆಗೆ ಬಿಳಿ ಬಟ್ಟೆ ಸುತ್ತಿದ್ದು, ಕೈಯಲ್ಲಿ ಉರಿಯುವ ಮೇಣದಬತ್ತಿ ಹಿಡಿದದ್ದು, ನಡುನಡುವೆ ಗಂಟೆ ಬಾರಿಸಿದ್ದು, ನೆಲದ ಮೇಲೆ ಸೀಮೆಸುಣ್ಣದ ಗುರುತು ಬರೆದದ್ದು, ಮೈದುಂಬಿ ನಡುಗಿದ್ದು – ಇವೆಲ್ಲ ನ್ಯಾಯಾಲಯದಲ್ಲಿ ಅಪರಾಧದ ಸಾಕ್ಷ್ಯಗಳಾದವು. ಮೇಣದಬತ್ತಿಯೂ ಗಂಟೆಯೂ ಕ್ಯಾಥೊಲಿಕ್ ಚರ್ಚಿನಲ್ಲೂ ಇದ್ದವಲ್ಲ ಎಂದು ನೀವು ಕೇಳಬಹುದು. ಇದ್ದವು. ಅಲ್ಲಿಗೆ ಪೊಲೀಸರು ಹೋಗಲಿಲ್ಲ.

ಹೋಗುವಂತೆಯೂ ಇರಲಿಲ್ಲ. 1783ರಲ್ಲಿ ಸ್ಪೇನಿನ ದೊರೆ, ಕ್ಯಾಥೊಲಿಕರಾಗಿ ಬಂದು ನೆಲೆಸುವವರಿಗೆ ಜಮೀನು ಕೊಡುವುದಾಗಿ ಸಾರಿದ್ದ. ಹಾಗಾಗಿ 1797ರಲ್ಲಿ ಬ್ರಿಟಿಷರ ಕೈಗೆ ದ್ವೀಪ ಬಂದಾಗ ತೋಟಗಳ ಒಡೆಯರು ಹೆಚ್ಚಾಗಿ ಫ್ರೆಂಚ್ ಕ್ಯಾಥೊಲಿಕರೇ ಆಗಿದ್ದರು. 1844ರಲ್ಲಿ ಬ್ರಿಟಿಷರು ತಮ್ಮ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿಗೆ ಸರ್ಕಾರಿ ಪಟ್ಟ ಕಟ್ಟಿ ನೋಡಿದರು. 1870ರಲ್ಲಿ ತಾವೇ ಇಳಿಸಿದರು. ಆಸ್ತಿವಂತರ ದೇವರೊಡನೆ ಸರ್ಕಾರ ರಾಜಿಯಾಗುತ್ತಿತ್ತು. ಅದಕ್ಕೆ ಆಗದಿದ್ದದ್ದು ಬಡವರು ಗುಂಪುಗೂಡಿ, ತಮ್ಮದೇ ಗುರುವಿನ ಮಾತು ಕೇಳಿ ಎಬ್ಬಿಸುವ ಸದ್ದು.

ಹಿಂದೂಗಳ ಬಗ್ಗೆ ಕೇಳಿದಿರಿ. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದ ಭಾರತೀಯರು ಅಲ್ಲಿ ಮೊಹರಂ ಆಚರಿಸುತ್ತಿದ್ದರು. ‘ಹೊಸೆ’ ಎಂದು ಹೆಸರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳ ಅಲಾಯಿ ಹಬ್ಬದಂತೆ ಅದರಲ್ಲೂ ಹಿಂದೂಗಳು ಕೈಜೋಡಿಸುತ್ತಿದ್ದರು. 1884ರಲ್ಲಿ ಸರ್ಕಾರ ಮೆರವಣಿಗೆ ಪಟ್ಟಣದೊಳಗೆ ಬರಕೂಡದೆಂದು ಆಜ್ಞೆ ಹೊರಡಿಸಿತು. ತಾಬೂತು ಹೊತ್ತು ಸ್ಯಾನ್ ಫರ್ನಾಂಡೋ ಕಡೆಗೆ ನಡೆದವರ ಮೇಲೆ ಅಕ್ಟೋಬರ್ 30ರಂದು ಗುಂಡು ಹಾರಿತು. ಕನಿಷ್ಠ 16 ಮಂದಿ ಸತ್ತರು. ಕೆನಡಾದ ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಮಾರ್ಟನ್ 1868ರಿಂದ ಇದೇ ಕೂಲಿಗಳ ನಡುವೆ ಶಾಲೆ ತೆರೆಯುತ್ತಾ, ಹಿಂದಿಯಲ್ಲಿ ಬೋಧಿಸುತ್ತಾ ಇದ್ದರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಒಪ್ಪವಾಗಿ ಕೂತು ಹಾಡುವ ಭಕ್ತಿ ಅಧಿಕಾರಿಗಳಿಗೆ ಹಿತವಾಗಿತ್ತು.

ಇನ್ನು ಬ್ಯಾಪ್ಟಿಸ್ಟರು. ಕಾಯ್ದೆ ಬಂದ ಮೇಲೆ ಅವರು ಊರಾಚೆ, ಕಾಡಿನೊಳಗೆ ಸಭೆ ಸೇರಿದರು. ಅವರಲ್ಲಿ ‘ಮೋರ್ನಿಂಗ್’ (ಬೆಳಗಲ್ಲ, ಶೋಕ ಎಂಬ ಅರ್ಥದ ಪದ) ಎಂಬ ವ್ರತವಿದೆ: ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನೆಲದ ಮೇಲೆ ಮಲಗಿ, ದಿನಗಟ್ಟಲೆ ಉಪವಾಸ ಪ್ರಾರ್ಥನೆ. ಪೊಲೀಸರ ಕಾಟದಲ್ಲಿ ಅದನ್ನು ನಡೆಸಿದವರ ಗಟ್ಟಿತನ ಸಾಮಾನ್ಯದ್ದಲ್ಲ. 1940ರ ದಶಕದಲ್ಲಿ ಗ್ರೆನಡಾದಿಂದ ಬಂದ ಎಲ್ಟನ್ ಗ್ರಿಫಿತ್ ಚದುರಿದ್ದ ಸಭೆಗಳನ್ನು ಒಗ್ಗೂಡಿಸಿ ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕಿದರು. 1946ರ ಚುನಾವಣೆಯ ಹೊತ್ತಿಗೆ ವಯಸ್ಕರಿಗೆಲ್ಲ ಮತದ ಹಕ್ಕು ಬಂದಿತ್ತು. ಬಡವರ ಅರ್ಜಿಗೂ ತೂಕ ಬಂತು. 1951ರ ಮಾರ್ಚ್ 30ರಂದು ಕಾಯ್ದೆ ರದ್ದಾಯಿತು.

ರಜೆ ಸಿಕ್ಕಿದ್ದು ಬಹಳ ತಡವಾಗಿ, 1996ರಲ್ಲಿ. ಕೊಟ್ಟದ್ದು ಬಾಸ್ದೇವ್ ಪಾಂಡೆ ಅವರ ಸರ್ಕಾರ. ಅವರು ಭಾರತೀಯ ಮೂಲದಿಂದ ಬಂದ ಅಲ್ಲಿನ ಮೊದಲ ಪ್ರಧಾನಿ. ಅದರ ಹಿಂದೆ ಮತಗಳ ಲೆಕ್ಕಾಚಾರವೇ ಇರಲಿಲ್ಲವೆಂದು ವಾದಿಸಲು ನಾನು ಹೋಗುವುದಿಲ್ಲ. ಆದರೆ ಹಿಂದಿನ ಯಾವ ಸರ್ಕಾರವೂ ಆ ಲೆಕ್ಕಾಚಾರಕ್ಕಾದರೂ ಅದನ್ನು ಕೊಟ್ಟಿರಲಿಲ್ಲ.