ಓದುಗರ ಪ್ರಶ್ನೆ: ಛತ್ರದ ಕಮಿಷನ್ ಯಾರ ತಲೆಗೆ?

ಪ್ರಶ್ನೆ: ಮದುವೆಗಳ ಫೋಟೋ, ವಿಡಿಯೋ ಮಾಡುತ್ತೇನೆ. ಇಲ್ಲಿನ ಒಂದು ಛತ್ರದ ಮ್ಯಾನೇಜರ್ ನನಗೆ ಪಾರ್ಟಿಗಳನ್ನು ಕಳಿಸುತ್ತಾರೆ. ಪ್ರತಿ ಆರ್ಡರಿಗೂ ನೂರಕ್ಕೆ 15 ಕೊಡಬೇಕಂತೆ. ಕೊಡದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಕೊಡುವುದು ತಪ್ಪೇ?
– ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ: ಕೊಡುವುದು ತಪ್ಪಲ್ಲ, ಮದುವೆ ಮನೆಯವರಿಗೆ ಗೊತ್ತಾಗದ ಹಾಗೆ ಕೊಡುವುದು ತಪ್ಪು. ‘ದಿನಾ ಮದುವೆ ನೋಡೋರು, ಒಳ್ಳೆಯವರನ್ನೇ ಹೇಳ್ತಾರೆ’ ಎಂದು ಹುಡುಗಿಯ ಅಪ್ಪ ಮ್ಯಾನೇಜರ್ ಮಾತನ್ನು ನಂಬುತ್ತಾರೆ. ಆ ಮಾತಿನ ಹಿಂದೆ ದುಡ್ಡಿದೆ ಎಂದು ತಿಳಿದಿದ್ದರೆ ಇನ್ನೆರಡು ಕಡೆ ವಿಚಾರಿಸುತ್ತಿದ್ದರು.

ಲೆಕ್ಕ ಹಾಕಿ ನೋಡಿ. ₹80,000ದ ಆರ್ಡರಿಗೆ 15ರಂತೆ ₹12,000. ಇದು ಎಲ್ಲಿಂದ ಬರಬೇಕು? ರೇಟಿಗೆ ಸೇರಿಸಿದರೆ ಹುಡುಗಿಯ ಅಪ್ಪನ ಜೇಬಿನಿಂದ. ಸೇರಿಸದಿದ್ದರೆ ಕೆಲಸದಿಂದ. ಆಲ್ಬಂ 40 ಶೀಟ್ ಎಂದದ್ದು 30ಕ್ಕೆ ಇಳಿಯುತ್ತದೆ. ರಿಸೆಪ್ಷನ್ ರಾತ್ರಿಗೆ ಇಬ್ಬರು ಕ್ಯಾಮೆರಾದವರು ಬಂದರೆ ಬೆಳಗಿನ ಮುಹೂರ್ತಕ್ಕೆ ಒಬ್ಬರೇ. ಧಾರೆ ಎರೆಯುವಾಗ ಒಬ್ಬ ಕೈಗಳನ್ನು, ನೀರನ್ನು ಹಿಡಿಯಬಲ್ಲ. ಆ ಕ್ಷಣದಲ್ಲೇ ತುಂಬಿಬಂದ ತಾಯಿಯ ಮುಖ ಅವನಿಗೆ ಸಿಗುವುದಿಲ್ಲ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಬದಲು ಒಂದೇ ಕಾರ್ಡಿನ ಹಳೆಯದನ್ನು ಹಿಡಿದು ಹುಡುಗ ಬರುತ್ತಾನೆ. ಆ ಕಾರ್ಡ್ ಕೈಕೊಟ್ಟರೆ ಧಾರೆಯನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲ.

ಹಾಗಾಗಿ ಮ್ಯಾನೇಜರಿಗೆ ನೇರವಾಗಿ ಹೇಳಿ: ಕೊಡುತ್ತೇನೆ, ಆದರೆ ಕೊಟೇಷನ್ನಿನಲ್ಲಿ ‘ಪರಿಚಯ ಶುಲ್ಕ’ ಎಂದು ಮೊತ್ತದ ಸಮೇತ ಒಂದು ಸಾಲು ಬರೆಯುತ್ತೇನೆ. ಶೇಕಡಾವಾರು ಬೇಡ, ಆರ್ಡರಿಗೆ ಇಷ್ಟು ಎಂದು ಗೊತ್ತುಮಾಡಿ. ಶೇಕಡಾವಾರು ಆದರೆ ಬೇಡದ ಡ್ರೋನ್, ಎಲ್‌ಇಡಿ ಪರದೆಗಳನ್ನೆಲ್ಲ ಮದುವೆಯವರ ತಲೆಗೆ ಕಟ್ಟುವ ಆಸೆ ಅವರಿಗೂ ಹುಟ್ಟುತ್ತದೆ. ಅಡ್ವಾನ್ಸ್ ಬಂದ ದಿನವೇ ಕೊಡಬೇಡಿ. ಮದುವೆ ಮುಂದೆ ಹೋದರೆ ಅಥವಾ ಮುರಿದರೆ ಅಡ್ವಾನ್ಸ್ ವಾಪಸ್ ಕೊಡಬೇಕಾದವರು ನೀವು, ಕಮಿಷನ್ ವಾಪಸ್ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಬ್ಯಾಂಕ್ ಮೂಲಕ ಕೊಡಿ. ಇಷ್ಟಕ್ಕೆ ಅವರು ಒಪ್ಪದಿದ್ದರೆ ಆ ಆರ್ಡರ್ ಬಿಡುವುದೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ನಷ್ಟ ಆಗುತ್ತದೆ, ಅಲ್ಲಗಳೆಯುವುದಿಲ್ಲ.

‘ಎಲ್ಲ ವ್ಯವಸ್ಥೆ ನಮ್ಮದು’ ಎಂದು ಮದುವೆ ಮನೆಯಿಂದಲೇ ಸಂಭಾವನೆ ಪಡೆದು, ಅಡುಗೆಯವರು, ವಾಲಗದವರು, ಡೆಕೊರೇಷನ್‌ನವರಿಂದಲೂ ಕೈ ಚಾಚುವವರ ಮಾತು ಬೇರೆ. ಅವರು ಮದುವೆ ಮನೆಯ ಪರವಾಗಿ ನಿಂತವರು. 1872ರ ಭಾರತೀಯ ಕರಾರು ಕಾಯ್ದೆಯ 213ನೇ ಕಲಂ ಪ್ರಕಾರ, ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಅವರ ಹೊಣೆ. ಅಂಥವರಿಗೆ ಗುಟ್ಟಾಗಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಮಗಳ ಮದುವೆಗೆ ಛತ್ರ ಹಿಡಿದು ಅಡ್ವಾನ್ಸ್ ಕೊಟ್ಟಿದ್ದೇವೆ. ಈಗ ‘ಡೆಕೊರೇಷನ್ ನಮ್ಮವರೇ ಮಾಡಬೇಕು, ಹೊರಗಿನವರು ಬಂದರೆ ₹10,000 ಕಟ್ಟಬೇಕು’ ಎನ್ನುತ್ತಿದ್ದಾರೆ. ಹೀಗೆ ಕೇಳಬಹುದೇ?
– ಒಬ್ಬ ತಾಯಿ, ಕೋಲಾರ

ಉತ್ತರ: ಮೊದಲು ರಸೀದಿಯ ಹಿಂದೆ ಮುಂದೆ ಪೂರ್ತಿ ಓದಿ. ಅಲ್ಲಿ ಈ ಷರತ್ತು ಇಲ್ಲದಿದ್ದರೆ ನಿಮ್ಮ ಪಟ್ಟು ಗಟ್ಟಿ. ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ನಮ್ಮಿಂದಲೇ ಪಡೆಯಬೇಕು ಎಂದು ಕಟ್ಟಿಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ, ದೂರಿಗೆ ಅದೂ ಒಂದು ಕಾರಣ. ಗೋಡೆಗೆ ಮೊಳೆ ಹೊಡೆಯಬಾರದು, ಇಷ್ಟಕ್ಕಿಂತ ಹೆಚ್ಚು ಲೈಟ್ ಎಳೆಯಬಾರದು ಎಂಬ ಷರತ್ತುಗಳು ಇದಕ್ಕೆ ಸೇರುವುದಿಲ್ಲ, ಅವು ನ್ಯಾಯವೇ.

₹10,000 ಯಾವ ಬಾಬ್ತಿಗೆ ಎಂದು ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಅಕ್ಷರದಲ್ಲಿ ಬರಲಿ. ಅಲ್ಲಿಗೂ ಬಗೆಹರಿಯದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಇನ್ನೂ ಛತ್ರ ಹುಡುಕುತ್ತಿರುವವರು ಬಾಡಿಗೆ, ಕರೆಂಟ್ ಯೂನಿಟ್ ದರ, ಜನರೇಟರ್ ಡೀಸೆಲ್, ಕ್ಲೀನಿಂಗ್, ಗ್ಯಾಸ್ ಸಿಲಿಂಡರ್, ಡೆಪಾಸಿಟ್, ಹೊರಗಿನವರ ಶುಲ್ಕ ಇಷ್ಟನ್ನೂ ಅಡ್ವಾನ್ಸ್ ರಸೀದಿಯಲ್ಲೇ ಬರೆಸಿ. ಬೀಗದ ಕೈ ತೆಗೆದುಕೊಳ್ಳುವಾಗ ಒಮ್ಮೆ, ಹಿಂದಿರುಗಿಸುವಾಗ ಒಮ್ಮೆ ಕರೆಂಟ್ ಮೀಟರಿನ ಫೋಟೋ ತೆಗೆದಿಡಿ. ಜಗಳ ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಪ್ರಶ್ನೆ: ನಾನು ಮದುವಣಗಿತ್ತಿಯರಿಗೆ ಮೇಕಪ್ ಮಾಡುತ್ತೇನೆ. ಮೊಗ್ಗಿನ ಜಡೆ ಕಟ್ಟುವ ಅಕ್ಕ ಒಬ್ಬರ ಹೆಸರು ಹೇಳಿದರೆ ಜಡೆಗೆ ₹300 ಕೊಡುತ್ತಾರೆ. ತೆಗೆದುಕೊಳ್ಳಲೇ?
– ತುಮಕೂರು

ಉತ್ತರ: ‘ಅವರಿಂದ ನನಗೆ ₹300 ಬರುತ್ತದೆ’ ಎಂದು ಹುಡುಗಿಗೆ ಹೇಳಿ ತೆಗೆದುಕೊಳ್ಳಿ. ದುಡ್ಡು ಬರದ ಇನ್ನೊಬ್ಬರ ನಂಬರನ್ನೂ ಜೊತೆಗೆ ಕೊಡಿ. ಅದಕ್ಕೂ ಮೊದಲು ಅಕ್ಕನ ಕೆಲಸ ನೋಡಿಬನ್ನಿ. ರಾತ್ರಿಯೇ ಕಟ್ಟಿ ಒದ್ದೆ ಬಟ್ಟೆ ಸುತ್ತಿ ತಂಪಿನಲ್ಲಿ ಇಡದಿದ್ದರೆ ಮಂಟಪದ ಸೆಕೆಗೆ ಮೊಗ್ಗು ಬಿರಿದು ಜಡೆಯ ಅಂದವೇ ಹೋಗುತ್ತದೆ. ಮಧ್ಯಾಹ್ನದ ಊಟದವರೆಗೂ ಅವರ ಜಡೆ ಮೊಗ್ಗಾಗಿಯೇ ಉಳಿದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಹೆಸರು ಹೇಳಿ.